ಫೋಟೋದಲ್ಲಿ ಸೊಳ್ಳೆಯ ಜಾತಿ ಸಿಕ್ಕೀತು, ಜ್ವರ ಸಿಗದು

ಪ್ರಶ್ನೆ: ನಮ್ಮ ಫ್ಲ್ಯಾಟಿನ ಪಕ್ಕದಲ್ಲೇ ಹೊಸ ಕಟ್ಟಡ ಏಳುತ್ತಿದೆ. ಸೊಳ್ಳೆ ಕಾಟ ವಿಪರೀತ. ಮೊಬೈಲಿನಲ್ಲಿ ಫೋಟೋ ತೆಗೆದರೆ ಅದು ಮಲೇರಿಯಾದ್ದೋ ಡೆಂಗಿಯದೋ ಎಂದು ತಂತ್ರಾಂಶವೇ ಹೇಳುತ್ತದಂತೆ. ನಂಬಬಹುದೇ?
– ಓದುಗರು, ಬಿಜೈ, ಮಂಗಳೂರು

ಉತ್ತರ: ಫೋಟೋ ಸ್ಪಷ್ಟವಾಗಿದ್ದರೆ, ಜಾತಿಯ ಮಟ್ಟಿಗೆ ಬಹುಪಾಲು ನಂಬಬಹುದು. ತಜ್ಞರು ಹೆಸರಿಸಿಕೊಟ್ಟ ಸಾವಿರಾರು ಚಿತ್ರಗಳಿಂದ ಕಲಿತ ತಂತ್ರಾಂಶ ಅದು. ಡೆಂಗಿ ಹರಡುವ ಈಡಿಸ್ ಈಜಿಪ್ಟೈ ಬೆನ್ನಿನ ಇಕ್ಕೆಲದಲ್ಲಿ ಬಾಗಿದ ಬಿಳಿ ಗೆರೆಗಳಿರುತ್ತವೆ; ಈಡಿಸ್ ಅಲ್ಬೊಪಿಕ್ಟಸ್‌ಗೆ ನಡುವೆ ಒಂದೇ ನೇರ ಗೆರೆ. ಮಂಗಳೂರಿನ ಮಲೇರಿಯಾಕ್ಕೆ ಮುಖ್ಯ ಕಾರಣವಾದ ಅನಾಫಿಲಿಸ್ ಸ್ಟೀಫೆನ್ಸೈ ರೆಕ್ಕೆಯಲ್ಲಿ ಚುಕ್ಕೆಗಳಿವೆ. ಆದರೆ ಚುಕ್ಕೆ ರೆಕ್ಕೆಯ ಅನಾಫಿಲಿಸ್‌ಗಳು ಹಲವು. ಅವುಗಳಲ್ಲಿ ಸ್ಟೀಫೆನ್ಸೈಯನ್ನು ಬೇರ್ಪಡಿಸಲು ಸೊಂಡಿಲಿನ ಪಕ್ಕದ ಎಳೆಗಳ ಬಿಳಿ ಪಟ್ಟಿಗಳನ್ನೂ ನೋಡಬೇಕು. ಬರಿಯ ಫೋನ್ ಸಾಲದು, ಮ್ಯಾಕ್ರೋ ಲೆನ್ಸ್ ಬೇಕು. ಚಪ್ಪಾಳೆಯಲ್ಲಿ ಜಜ್ಜಿದ ಸೊಳ್ಳೆಯಂತೂ ಬೇಡ, ಗುರುತು ತೋರುವ ಹುರುಪೆಗಳೇ ಉದುರಿಹೋಗಿರುತ್ತವೆ.

ಇನ್ನೊಂದು ಮಾತು: ಅದರ ಜೊಲ್ಲುಗ್ರಂಥಿಯಲ್ಲಿ ರೋಗಾಣು ಇದೆಯೋ ಇಲ್ಲವೋ ಎಂಬುದು ಯಾವ ಫೋಟೋದಲ್ಲೂ ಕಾಣುವುದಿಲ್ಲ.

ಪ್ರಶ್ನೆ: ಹಾಗಿದ್ದರೆ ಜಾತಿ ತಿಳಿದು ಏನು ಪ್ರಯೋಜನ? ಎಲ್ಲದಕ್ಕೂ ಫಾಗಿಂಗ್ ಮಾಡಿದರಾಯಿತಲ್ಲ?
– ಓದುಗರು, ಸುರತ್ಕಲ್

ಉತ್ತರ: ಯಾವ ನೀರನ್ನು ಹುಡುಕಬೇಕೆಂದು ಜಾತಿಯೇ ಹೇಳುತ್ತದೆ. ಚರಂಡಿಯ ಕೊಳಕು ನೀರು ಕ್ಯುಲೆಕ್ಸ್‌ಗೆ ಪ್ರಿಯ. ಸ್ಟೀಫೆನ್ಸೈಗೆ ಬೇಕಾದ್ದು ತಿಳಿನೀರು: ಮುಚ್ಚಳವಿಲ್ಲದ ಓವರ್‌ಹೆಡ್ ಟ್ಯಾಂಕ್, ಬಾವಿ, ಕಾಂಕ್ರೀಟ್ ಕ್ಯೂರಿಂಗಿಗೆ ಸ್ಲ್ಯಾಬಿನ ಮೇಲೆ ನಿಲ್ಲಿಸಿದ ನೀರು. ಈಡಿಸ್‌ಗೆ ಹಳೇ ಟಯರು, ತೆಂಗಿನ ಗೆರಟೆ ಸಾಕು. ತೋಟದ ಕಡೆ ರಬ್ಬರ್ ಹಾಲಿನ ಚಿಪ್ಪು, ಬಿದ್ದ ಅಡಿಕೆ ಹಾಳೆ. ಮಲೇರಿಯಾ ಬಂದಾಗ ಚರಂಡಿಗೆ ಮಾತ್ರ ಮದ್ದು ಹೊಡೆದರೆ ತಪ್ಪು ಸೊಳ್ಳೆಯ ಬೆನ್ನುಹತ್ತಿದಂತೆ.

ಮಂಗಳೂರಿನಲ್ಲಿ 2015ರಿಂದ ಮಲೇರಿಯಾ ಪ್ರಕರಣಗಳ ಮಾಹಿತಿಯನ್ನು ತಂತ್ರಾಂಶದಲ್ಲಿ ದಾಖಲಿಸಿ, ಟ್ಯಾಬ್ ಹಿಡಿದ ಸಿಬ್ಬಂದಿಯನ್ನು ರೋಗಿಯ ವಿಳಾಸಕ್ಕೆ ಕಳಿಸುವ ಪದ್ಧತಿ ರೂಪುಗೊಂಡಿತು. ಅಲ್ಲಿ ಜಾಡು ಶುರುವಾಗುವುದು ಕಾಯಿಲೆ ಬಿದ್ದವರಿಂದ. ಸ್ಪೇನಿನಲ್ಲಿ 2014ರಲ್ಲಿ ಆರಂಭವಾದ 'ಮಾಸ್ಕಿಟೋ ಅಲರ್ಟ್' ಯೋಜನೆಯಲ್ಲಿ ಜನರೇ ಸೊಳ್ಳೆಯ ಫೋಟೋ ಕಳಿಸುತ್ತಾರೆ. ಫೋಟೋದ ಜಾಡು ಸೇರಿದರೆ, ಯಾರೂ ಕಾಯಿಲೆ ಬೀಳುವ ಮೊದಲೇ ಆ ಟ್ಯಾಂಕಿನ ಮುಚ್ಚಳ ಹಾಕಿಸಬಹುದು.

ಪ್ರಶ್ನೆ: ಸೊಳ್ಳೆ ಕಚ್ಚಿ ಕೆಲವು ದಿನಕ್ಕೆ ಮಗನಿಗೆ ಚಳಿಜ್ವರ. ಸೊಳ್ಳೆಯ ಫೋಟೋ ಇದೆ. ಡಾಕ್ಟರಿಗೆ ತೋರಿಸಲೇ?
– ಓದುಗರು, ಉಳ್ಳಾಲ

ಉತ್ತರ: ಫೋಟೋ ಬಿಡಿ, ಇವತ್ತೇ ರಕ್ತ ಪರೀಕ್ಷೆ ಮಾಡಿಸಿ. ಸರಕಾರಿ ಆಸ್ಪತ್ರೆಯಲ್ಲಿ ಮಲೇರಿಯಾ ಪರೀಕ್ಷೆಯೂ ಮದ್ದೂ ಉಚಿತ. ವೈವಾಕ್ಸ್ ಮಲೇರಿಯಾ ಎಂದಾಗಿ ವೈದ್ಯರು 14 ದಿನದ ಪ್ರೈಮಾಕ್ವಿನ್ ಬರೆದುಕೊಟ್ಟರೆ, ಜ್ವರ ಇಳಿಯಿತೆಂದು ನಡುವೆ ನಿಲ್ಲಿಸಬೇಡಿ. ಯಕೃತ್ತಿನಲ್ಲಿ ಅಡಗಿದ ರೋಗಾಣು ಉಳಿದುಕೊಂಡರೆ ತಿಂಗಳುಗಳ ಬಳಿಕವೂ ಜ್ವರ ಮರುಕಳಿಸಬಹುದು.