ಊರು ಬಂದಾಗ ನಿಲ್ಲಿಸಿ

ಜುಲೈ ರಜೆಗೆ ಕ್ಯಾರವಾನ್ ಕಟ್ಟಿಕೊಂಡು ಸಿಡ್ನಿಯಿಂದ ಆಲಿಸ್ ಸ್ಪ್ರಿಂಗ್ಸ್‌ವರೆಗೆ ಹೊರಟಿದ್ದೀರಂತೆ. ಅಕ್ಕನೂ ಜೊತೆಗೆ ಬರುತ್ತಾಳಂತೆ. ಸಂತೋಷ ಕಣೋ. ಕಾಲವನ್ನಂತೂ ಸರಿಯಾಗಿ ಆರಿಸಿದ್ದೀಯ. ಆ ಸೀಮೆಯ ಬೇಸಿಗೆಯ ಮುಂದೆ ನಮ್ಮ ರಾಯಚೂರೂ ತಂಪು ಅನ್ನಿಸೀತು. 1960ರ ಜನವರಿಯಲ್ಲಿ ಊಡ್ನದತ್ತ ಎಂಬ ಪುಟ್ಟ ಊರಲ್ಲಿ 50.7 ಡಿಗ್ರಿ ದಾಖಲಾಗಿತ್ತು. ಜುಲೈನಲ್ಲಿ ಹಗಲು ಹಿತವಾಗಿರುತ್ತದೆ, ರಾತ್ರಿ ಮಾತ್ರ ಸೊನ್ನೆಯ ಹತ್ತಿರಕ್ಕೆ ಇಳಿಯುತ್ತದೆ. ಅಕ್ಕನಿಗೆ ದಪ್ಪ ರಗ್ಗು ಇಟ್ಟುಕೋ.

ನೀನು ಕಳಿಸಿದ ಸಾಮಾನಿನ ಪಟ್ಟಿ ನೋಡಿದೆ. ಇಪ್ಪತ್ತೈದು ಕಿಲೋ ಅಕ್ಕಿ, ಗ್ರೈಂಡರ್, ಜನರೇಟರ್, ಎರಡು ಕ್ರೇಟ್ ತರಕಾರಿ! ‘ದಾರಿಯಲ್ಲಿ ಏನೂ ಸಿಗೋದಿಲ್ಲ ಮಾವ’ ಅಂತ ಬೇರೆ ಬರೆದಿದ್ದೀಯ. ನನ್ನ ತಕರಾರು ಇರುವುದು ಅಲ್ಲಿಯೇ. ಸಿಗುತ್ತದೆ. ಸಿಗಬೇಕಾದರೆ ಊರು ಬಂದಾಗ ನಿಲ್ಲಿಸಬೇಕು, ಅಷ್ಟೆ.

ಮೊದಲು ತೂಕದ ಮಾತು ಮುಗಿಸಿಬಿಡುತ್ತೇನೆ. ಕ್ಯಾರವಾನಿನ ಪ್ಲೇಟಿನ ಮೇಲೆ ಎಟಿಎಂ ಎಂದು ಒಂದು ಅಂಕಿ ಇರುತ್ತದೆ. ಎಲ್ಲವನ್ನೂ ತುಂಬಿದ ಮೇಲೂ ಗಾಡಿಯ ತೂಕ ಅದನ್ನು ದಾಟಕೂಡದು. ನೂರು ಲೀಟರ್ ನೀರೆಂದರೆ ನೂರು ಕಿಲೋ, ಅದನ್ನೂ ಲೆಕ್ಕಕ್ಕೆ ಹಿಡಿ. ಹೊರಡುವ ಮುಂಚೆ ಒಮ್ಮೆ ವೇಬ್ರಿಡ್ಜ್ ಮೇಲೆ ಹತ್ತಿಸಿ ನೋಡು. ಒಟ್ಟು ತೂಕದ ಹತ್ತನೇ ಒಂದು ಪಾಲಿನಷ್ಟು ಭಾರ ಕಾರಿನ ಟೋಬಾರ್ ಮೇಲೆ ಕೂರಬೇಕು. ಭಾರದ ಸಾಮಾನು ಚಕ್ರದ ಅಚ್ಚಿನ ಮೇಲೆ, ನೆಲಕ್ಕೆ ಹತ್ತಿರ ಇರಲಿ. ಗ್ರೈಂಡರನ್ನು ಹಿಂಬದಿಯ ಮೂಲೆಗೆ ತಳ್ಳಿದೆಯೋ, ಎದುರಿನಿಂದ ರೋಡ್ ಟ್ರೇನ್ ಬಂದಾಗ ತಿಳಿಯುತ್ತದೆ. ಆ ಲಾರಿಗಳು 53 ಮೀಟರ್‌ವರೆಗೂ ಉದ್ದ ಇರುತ್ತವೆ. ಅದು ಪಕ್ಕದಲ್ಲಿ ಹಾದುಹೋದ ಗಾಳಿಗೇ ಕ್ಯಾರವಾನ್ ಅತ್ತಿತ್ತ ತೊನೆಯಲು ಶುರುವಾದೀತು. ಆಗ ಹೆದರಿ ಬ್ರೇಕ್ ಒತ್ತಬೇಡ. ಸ್ಟಿಯರಿಂಗ್ ನೇರ ಹಿಡಿದು, ಆಕ್ಸಲರೇಟರ್ ಬಿಟ್ಟು, ಕ್ಯಾರವಾನಿನ ಬ್ರೇಕನ್ನು ಮಾತ್ರ ಕೈಯಿಂದ ಹಾಕು. ಕಾರಿನ ವಾಕಿಟಾಕಿ ರೇಡಿಯೋವನ್ನು 40ನೇ ಚಾನೆಲ್‌ನಲ್ಲಿ ಇಟ್ಟಿರು, ಲಾರಿಯವರ ಮಾತು ಅಲ್ಲೇ ಕೇಳಿಸುತ್ತದೆ. ಅವರು ನಿನ್ನನ್ನು ದಾಟುವುದಿದ್ದರೆ ಹೇಳುತ್ತಾರೆ.

ಹಾಗಾಗಿ ಸಾರಿನ ಪುಡಿ, ಚಟ್ನಿಪುಡಿ, ಅವಲಕ್ಕಿ, ಸಣ್ಣ ಕುಕ್ಕರ್ ತಗೊ, ಮಿಕ್ಕದ್ದನ್ನು ಬಿಡು. ಅಕ್ಕನ ಬಿಪಿ, ಶುಗರ್ ಮಾತ್ರೆ ಮಾತ್ರ ಬೇಕಾದ್ದಕ್ಕಿಂತ ಹೆಚ್ಚೇ ಇರಲಿ. ಎಲ್ಲ ಊರಲ್ಲೂ ಮೆಡಿಕಲ್ ಶಾಪ್ ಇರುವುದಿಲ್ಲ. ತರಕಾರಿ ಕ್ರೇಟಂತೂ ಬೇಡವೇ ಬೇಡ. ಬ್ರೋಕನ್ ಹಿಲ್ ದಾಟಿ ದಕ್ಷಿಣ ಆಸ್ಟ್ರೇಲಿಯಾ ಹೊಕ್ಕ ಮೇಲೆ ಊಡ್ಲ ವಿರ್ರಾದಲ್ಲಿ ತಪಾಸಣೆ ಇದೆ. ಹಣ್ಣುನೊಣದ ಭಯಕ್ಕೆ ಟೊಮೆಟೊ, ಹಸಿಮೆಣಸಿನಕಾಯಿ ಒಂದನ್ನೂ ಒಳಗೆ ಬಿಡುವುದಿಲ್ಲ. ಮುಂದೆ ಪೀಟರ್‌ಬರೋದಲ್ಲಿ ಹೊಸದಾಗಿ ಕೊಂಡರಾಯಿತು.

ಇನ್ನು ನಿಲ್ಲಿಸುವ ಮಾತು. ಬ್ರೋಕನ್ ಹಿಲ್‌ಗೂ ಮುಂಚೆ, ಕೋಬಾರ್ ಬಿಟ್ಟ ಮೇಲೆ ವಿಲ್ಕಾನ್ಯಾಗೆ ಸುಮಾರು 260 ಕಿಲೋಮೀಟರ್. ಆ ಊರಲ್ಲಿ ಕಾರು ನಿಲ್ಲಿಸಬೇಡಿ ಎಂದು ಸಿಡ್ನಿಯಲ್ಲಿ ಕೂತವರು ನಿನಗೆ ಹೇಳಿಯೇ ಇರುತ್ತಾರೆ. ಹೇಳುವವರಲ್ಲಿ ಅಲ್ಲಿ ಇಳಿದು ನೋಡಿದವರು ಎಷ್ಟು ಜನ ಎಂದು ಕೇಳಿ ನೋಡು. ಅದು ಬಾರ್ಕಿಂಜಿ ಜನರ ನೆಲ, ಡಾರ್ಲಿಂಗ್ ನದಿಯ ದಡ. ಹತ್ತೊಂಬತ್ತನೇ ಶತಮಾನದಲ್ಲಿ ಉಣ್ಣೆಯ ಮೂಟೆ ಹೊತ್ತ ಸ್ಟೀಮರುಗಳು ಬಂದು ನಿಲ್ಲುತ್ತಿದ್ದ ಬಂದರು. ಆ ಕಾಲದ ಮರಳುಗಲ್ಲಿನ ಕಟ್ಟಡಗಳು ಈಗಲೂ ನಿಂತಿವೆ. ನಾನು ಪ್ರತಿ ಸಲವೂ ಅಲ್ಲಿ ಇಳಿದಿದ್ದೇನೆ, ಚಹಾ ಕುಡಿದಿದ್ದೇನೆ, ನದಿಯಲ್ಲಿ ನೀರೆಷ್ಟಿದೆ ಎಂದು ವಿಚಾರಿಸಿದ್ದೇನೆ. ಅಲ್ಲಿ ಎಲ್ಲರೂ ಮಾತಾಡುವುದು ನದಿಯ ವಿಷಯವನ್ನೇ. ಜನರ ಮುಖಕ್ಕೆ ಕ್ಯಾಮೆರಾ ಹಿಡಿಯುವ ಮುಂಚೆ ಮಾತ್ರ ಕೇಳು.

ಇಂಥ ಊರಲ್ಲಿ ಬ್ರೆಡ್ಡು, ಹಾಲು, ಡೀಸೆಲ್ ಎಲ್ಲವೂ ದುಬಾರಿ. ಕೌಂಟರಿನಲ್ಲಿ ನಿಂತು ಗೊಣಗಬೇಡ. ಆ ಹಾಲು ನೂರಾರು ಕಿಲೋಮೀಟರ್ ಲಾರಿಯಲ್ಲಿ ಬಂದಿರುತ್ತದೆ. ಒಂಟಿ ರೋಡ್‌ಹೌಸ್ ಇದ್ದಲ್ಲಿ ಪೆಟ್ರೋಲ್ ಬಂಕು, ಹೋಟೆಲು, ತಂಗುವ ಕೋಣೆ ಎಲ್ಲವೂ ಅದೇ. ಅದು ಮುಚ್ಚಿದರೆ ಮುಂದಿನ ಇನ್ನೂರು ಕಿಲೋಮೀಟರ್ ಎಲ್ಲರ ಪಾಲಿಗೂ ಬರಡು. ಎಷ್ಟೋ ಊರಿನವರು ಕ್ಯಾರವಾನ್ ನಿಲ್ಲಿಸಲು ಪುಕ್ಕಟೆ ಜಾಗ ಕೊಡುತ್ತಾರೆ, ಶೌಚದ ಟ್ಯಾಂಕ್ ಖಾಲಿ ಮಾಡಲು ಡಂಪ್ ಪಾಯಿಂಟ್ ಕಟ್ಟಿಸಿರುತ್ತಾರೆ. ರಾತ್ರಿ ಮಲಗಿ, ಟ್ಯಾಂಕ್ ಬರಿದು ಮಾಡಿ, ಬೆಳಿಗ್ಗೆ ಒಂದು ಕಾಫಿಯನ್ನೂ ಕೊಳ್ಳದೆ ಹೊರಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಊರಲ್ಲೇ ಕೊಳ್ಳು ಎಂಬ ಈ ಮಾತು ನೀರಿಗೆ ಅನ್ವಯಿಸುವುದಿಲ್ಲ. ನೀರನ್ನು ನೀನೇ ತುಂಬಿಕೊಂಡು ಹೋಗು, ಕುಡಿಯುವುದನ್ನು ಬೇರೆ ಕ್ಯಾನುಗಳಲ್ಲಿಡು. ದಾರಿಯಲ್ಲಿ ಸಿಗುವ ಕೂಬರ್ ಪೀಡಿಯನ್ನೇ ನೋಡು. 1915ರಲ್ಲಿ ಓಪಲ್ ರತ್ನ ಸಿಕ್ಕಿದ್ದರಿಂದ ಅದು ಊರಾಯಿತು. ಸೆಕೆ ತಾಳಲಾರದೆ ಜನ ಗುಡ್ಡ ಕೊರೆದು ಒಳಗೇ ಮನೆ ಮಾಡಿಕೊಂಡರು. ಅಲ್ಲಿನ ನೀರು ನೆಲದಾಳದಿಂದ ಬಂದು, ಉಪ್ಪು ತೆಗೆಸಿಕೊಂಡು ನಲ್ಲಿಗೆ ಬರುತ್ತದೆ. ಕ್ಯಾರವಾನಿಗೆ ಬೇಕೆಂದರೆ ನಾಣ್ಯ ಹಾಕಿ ಹಿಡಿಯಬೇಕು. ಗಾಡಿ ತೊಳೆಯುವ ಶೋಕಿ ಅಲ್ಲಿ ಬೇಡ. ಅಕ್ಕನ ಚೊಂಬಿನ ಸ್ನಾನವನ್ನು ನೀನೂ ಕಲಿ. ಊರಾಚೆ ತೋಡಿ ಬಿಟ್ಟ ಗುಂಡಿಗಳಿವೆ, ಫೋಟೋ ತೆಗೆಯುತ್ತಾ ಹಿಂದೆ ಹಿಂದೆ ಹೆಜ್ಜೆ ಇಡಬೇಡಿ.

ಕೂಬರ್ ಪೀಡಿಗೆ ಮುಂಚೆ ಗ್ಲೆಂಡಾಂಬೋದಿಂದ 250 ಕಿಲೋಮೀಟರ್ ಬಂಕಿಲ್ಲ, ಬಹುಪಾಲು ಫೋನ್ ಸಿಗ್ನಲ್ಲೂ ಇಲ್ಲ. ಕ್ಯಾರವಾನ್ ಎಳೆಯುವ ಕಾರು ಡೀಸೆಲ್ ಕುಡಿಯುವ ಪರಿ ಬೇರೆ. ಟ್ಯಾಂಕ್ ಅರ್ಧಕ್ಕೆ ಬಂದಾಗ ಸಿಕ್ಕ ಊರಲ್ಲೇ ತುಂಬಿಸು. ಗಾಡಿ ಕೆಟ್ಟರೆ ಅದನ್ನು ಬಿಟ್ಟು ನಡೆದುಕೊಂಡು ಹೋಗಬೇಡಿ. ಗಾಡಿ ದೂರದಿಂದ ಕಾಣುತ್ತದೆ, ಮನುಷ್ಯ ಕಾಣುವುದಿಲ್ಲ. ಸೂರ್ಯ ಮುಳುಗುವ ಮುಂಚೆ ಎಲ್ಲಾದರೂ ತಂಗಿ. ಕತ್ತಲಾದ ಮೇಲೆ ಕಾಂಗರೂ ಮಾತ್ರವಲ್ಲ, ಬೇಲಿಯಿಲ್ಲದ ಪಶುಪಾಲನೆಯ ಜಮೀನುಗಳ ದನಗಳೂ ರಸ್ತೆಗೆ ಬರುತ್ತವೆ. ಅಲ್ಲಲ್ಲಿ ಹೆದ್ದಾರಿಯ ಮೇಲೆಯೇ ವಿಮಾನ ಇಳಿಯಲು ಬಿಳಿ ಗುರುತು ಹಾಕಿರುತ್ತಾರೆ. 1928ರಲ್ಲಿ ಜಾನ್ ಫ್ಲಿನ್ ಶುರುಮಾಡಿದ ಹಾರುವ ಡಾಕ್ಟರುಗಳ ಸೇವೆಗಾಗಿ ಅದು. ಅಕ್ಕನಿಗೆ ತೋರಿಸು, ಧೈರ್ಯ ಬರುತ್ತದೆ.

ಉಲುರು ಬಂಡೆಗೆ ಹೋಗುವುದಿದ್ದರೆ ಆಲಿಸ್‌ವರೆಗೆ ಹೋಗಿ ವಾಪಸ್ ಬರಬೇಡ, ಅದಕ್ಕೂ ಮೊದಲೇ ಸಿಗುವ ಎರ್ಲ್ಡುಂಡಾದಲ್ಲಿ ಎಡಕ್ಕೆ ತಿರುಗು. ಬಂಡೆ ಹತ್ತುವುದನ್ನು 2019ರ ಅಕ್ಟೋಬರಿನಿಂದ ನಿಲ್ಲಿಸಿದ್ದಾರೆ, ಸುತ್ತ ನಡೆಯಬಹುದು. ಅದರ ಹತ್ತಿರದ ಯುಲಾರಾದ ಕ್ಯಾಂಪಿನಲ್ಲಿ ಜುಲೈನಲ್ಲಿ ಜಾಗ ಸಿಗುವುದು ಕಷ್ಟ. ಇವತ್ತೇ ಬುಕ್ ಮಾಡು.