ಚಾಕೊಲೇಟ್ ಕರಗಿಸುವುದಕ್ಕೆ ಮೊದಲು ಒಲೆ ಆರಿಸಿ

ಅಜ್ಜಂಪುರ ತಾಲ್ಲೂಕಿನ ಶಿವನಿಯಂಥ ಊರುಗಳಲ್ಲೂ ಈಗ ಮಕ್ಕಳ ಹುಟ್ಟುಹಬ್ಬಕ್ಕೆ ಮನೆಯಲ್ಲೇ ಕೇಕ್ ಮಾಡುವವರಿದ್ದಾರೆ. ಓವನ್ ಇಲ್ಲದವರು ಗ್ಯಾಸ್ಕೆಟ್ ಮತ್ತು ವಿಷಲ್ ತೆಗೆದ ಕುಕ್ಕರಿನ ತಳಕ್ಕೆ ಉಪ್ಪು ಹರಡಿ, ಅದರ ಮೇಲೆ ಸ್ಟ್ಯಾಂಡ್ ಇಟ್ಟು ಬೇಯಿಸುತ್ತಾರೆ. ಮೈದಾ, ಸಕ್ಕರೆ, ಸೋಡಾದ ಅಳತೆಯೆಲ್ಲ ಎರಡು ಸಲ ಮಾಡಿದರೆ ಕೈಗೆ ಬಂದುಬಿಡುತ್ತದೆ. ಕೆಡುವುದು ಚಾಕೊಲೇಟ್ ಕರಗಿಸುವ ಹಂತದಲ್ಲಿ. ನುಣ್ಣಗೆ ಹರಿಯಬೇಕಾದದ್ದು ಇದ್ದಕ್ಕಿದ್ದಂತೆ ಗಟ್ಟಿಯಾಗಿ ಮುದ್ದೆ ಕಟ್ಟುತ್ತದೆ, ಇಲ್ಲವೇ ತಳ ಹಿಡಿದು ಸೀದ ವಾಸನೆ ಬರುತ್ತದೆ. ಕೇಕಿಗೆ ಬೇಕಾದ ಸಾಮಾನುಗಳಲ್ಲಿ ಹೆಚ್ಚು ದುಡ್ಡು ಕೊಟ್ಟು ತರುವುದೂ ಅದನ್ನೇ. ಹಾಗಾಗಿ ಈ ಒಂದು ಕೆಲಸವನ್ನು ಸರಿಯಾಗಿ ಕಲಿಯುವುದು ಒಳ್ಳೆಯದು.

ಕಾರಣ ಸರಳ. ಚಾಕೊಲೇಟಿನಲ್ಲಿರುವ ಕೊಬ್ಬು, ಅಂದರೆ ಕೋಕೋ ಬೆಣ್ಣೆ, ಸುಮಾರು 34 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ. ನಮ್ಮ ಮೈಯ ಶಾಖ 37. ಬಾಯಿಗೆ ಹಾಕಿಕೊಂಡರೆ ತಾನಾಗಿ ಕರಗುವ ವಸ್ತುವಿಗೆ ಬೇಳೆ ಬೇಯಿಸುವ ಉರಿ ಯಾಕೆ? ಕುದ್ದು ಇಳಿಸಿದ ನೀರಿನ ಬಿಸಿ ಸಾಕು. ಈ ಲೇಖನದಲ್ಲಿ ಒತ್ತಿ ಹೇಳಬೇಕಾದದ್ದು ಇಷ್ಟೇ: ಚಾಕೊಲೇಟ್ ಬೋಸಿಯನ್ನು ನೀರಿನ ಪಾತ್ರೆಯ ಮೇಲೆ ಇಡುವ ಹೊತ್ತಿಗೆ ಒಲೆ ಆರಿರಬೇಕು.

ಮೊದಲು ಪೊಟ್ಟಣ ಓದಿ

ಅಂಗಡಿಯಲ್ಲಿ ಕೇಕಿಗೆಂದು ಕೊಡುವ ದಪ್ಪ ಹಲಗೆಗಳಲ್ಲಿ ಹೆಚ್ಚಿನವು ‘ಕಾಂಪೌಂಡ್’. ಇದರಲ್ಲಿ ಕೋಕೋ ಬೆಣ್ಣೆಯ ಬದಲು ಬೇರೆ ಸಸ್ಯಜನ್ಯ ಕೊಬ್ಬು ಇರುತ್ತದೆ. ಪೊಟ್ಟಣದ ಹಿಂದೆ ‘ಹೈಡ್ರೋಜನೇಟೆಡ್ ವೆಜಿಟೆಬಲ್ ಫ್ಯಾಟ್’ ಎಂಬ ಮಾತು ಮೊದಲ ಸಾಲುಗಳಲ್ಲೇ ಕಂಡರೆ ಅದು ಕಾಂಪೌಂಡ್. ಸಕ್ಕರೆ, ಕೋಕೋ ಘನಾಂಶ, ಕೋಕೋ ಬಟರ್ ಎಂದಿದ್ದರೆ ನಿಜವಾದ ಚಾಕೊಲೇಟ್. ಕಾಂಪೌಂಡ್ ಅಗ್ಗ, ಬಿಸಿಲಿಗೂ ಸ್ವಲ್ಪ ತಡೆಯುತ್ತದೆ, ಕರಗಿಸಿ ಹಾಗೇ ಬಿಟ್ಟರೂ ಗಟ್ಟಿಯಾಗಿ ಹೊಳಪು ಉಳಿಸಿಕೊಳ್ಳುತ್ತದೆ. ಕೇಕಿನ ಮೇಲೆ ಸುರಿಯುವುದಕ್ಕೆ, ಬಿಸ್ಕತ್ತು ಅದ್ದುವುದಕ್ಕೆ ಅದು ಅನುಕೂಲ. ಆದರೆ ಕೇಕಿನ ಹಿಟ್ಟಿನೊಳಗೆ ಹಾಕುವುದಾದರೆ ನಿಜವಾದ ಡಾರ್ಕ್ ಚಾಕೊಲೇಟನ್ನೇ ತನ್ನಿ. ಕಾಸು ಹೆಚ್ಚಾದರೂ ರುಚಿಯಲ್ಲಿ ಅದು ಕಾಣುತ್ತದೆ. ಹಿಟ್ಟು, ಸಕ್ಕರೆ ಸೇರಿದ ಮೇಲೆ ಕಾಂಪೌಂಡಿನ ಸ್ವಾದ ತುಂಬ ಸಪ್ಪೆಯಾಗುತ್ತದೆ. ಮಕ್ಕಳಿಗೆ ತರುವ ಹಾಲಿನ ಚಾಕೊಲೇಟ್ ಬಾರುಗಳಲ್ಲಿ ಸಕ್ಕರೆಯೇ ಹೆಚ್ಚು, ಅವೂ ಕೇಕಿಗೆ ಅಷ್ಟು ಹೊಂದುವುದಿಲ್ಲ. ಚಾಕೊ ಚಿಪ್ಸ್ ಬೇಯುವಾಗ ತನ್ನ ಆಕಾರ ಬಿಡದಂತೆ ಮಾಡಿದ ಸಾಮಾನು. ಕರಗಿಸಿದರೂ ಅದು ದಪ್ಪವಾಗಿಯೇ ಇರುತ್ತದೆ.

ಶಿವನಿ, ತರೀಕೆರೆ ಕಡೆಯ ಅಡಿಕೆ ಬೆಳೆಗಾರರಿಗೆ ಕ್ಯಾಂಪ್ಕೊ ಹೆಸರು ಹೊಸದಲ್ಲ. 1973ರಲ್ಲಿ ಮಂಗಳೂರಿನಲ್ಲಿ ಅಡಿಕೆ ಬೆಳೆಗಾರರಿಗಾಗಿ ಹುಟ್ಟಿದ ಸಹಕಾರಿ ಸಂಸ್ಥೆ ಅದು. ಎಪ್ಪತ್ತರ ದಶಕದ ಕೊನೆಯಲ್ಲಿ ಕೋಕೋ ಬೆಲೆ ಕುಸಿದು, ಅಡಿಕೆ ತೋಟದ ನಡುವೆ ಕೋಕೋ ಹಾಕಿದ್ದ ಕರಾವಳಿಯ ರೈತರು ಕೊಳ್ಳುವವರಿಲ್ಲದೆ ಕಂಗೆಟ್ಟಾಗ, ಕ್ಯಾಂಪ್ಕೊ ಅವರ ಕೋಕೋ ಖರೀದಿಗೆ ಇಳಿಯಿತು. ಮುಂದೆ 1986ರಲ್ಲಿ ಪುತ್ತೂರಿನ ಕೆಮ್ಮಿಂಜೆಯಲ್ಲಿ ತನ್ನದೇ ಚಾಕೊಲೇಟ್ ಕಾರ್ಖಾನೆ ತೆರೆಯಿತು. ನಮ್ಮಂತೆಯೇ ಅಡಿಕೆ ನಂಬಿದವರ ತೋಟದಲ್ಲಿ ಬೆಳೆದ ಕೋಕೋ ಅದು. ಅಂಗಡಿಯಲ್ಲಿ ಸಿಕ್ಕರೆ ಕೊಂಡು ನೋಡಿ. ಆಗಲೂ ಪೊಟ್ಟಣದ ಹಿಂದಿನ ಸಾಲು ಓದಿ, ಯಾವುದಕ್ಕೆ ಯಾವುದೆಂದು ನೋಡಿಯೇ ತನ್ನಿ.

ತಂದದ್ದನ್ನು ಇಡುವುದು

ಬೆಂಗಳೂರಿನಿಂದಲೋ ಶಿವಮೊಗ್ಗದಿಂದಲೋ ಬರುವವರ ಕೈಲಿ ಚಾಕೊಲೇಟ್ ತರಿಸುವವರು ಮಾರ್ಚಿನಿಂದ ಮೇ ತನಕ ಜಾಗ್ರತೆ ವಹಿಸಬೇಕು. ಬೀರೂರು, ಅಜ್ಜಂಪುರ ದಾಟಿ ಶಿವನಿ ಸ್ಟೇಷನ್ನಿಗೆ ಮಧ್ಯಾಹ್ನ ಬಂದಿಳಿಯುವ ಬ್ಯಾಗಿನೊಳಗೆ ಅದು ಅರ್ಧ ಕರಗಿರುತ್ತದೆ. ಮತ್ತೆ ಗಟ್ಟಿಯಾದಾಗ ಮೇಲೆ ಬೂದಿ ಬಳಿದಂತೆ ಬಿಳಿ ಪದರ ಕಾಣುತ್ತದೆ. ಬೂಷ್ಟು ಎಂದುಕೊಂಡು ಎಸೆಯಬೇಡಿ. ಕೊಬ್ಬು ಮೇಲೆ ಬಂದು ಹರಳುಗಟ್ಟಿರುವುದು ಅಷ್ಟೆ. ಕರಗಿಸಿದರೆ ಮಾಯವಾಗುತ್ತದೆ, ತಿನ್ನಲು ತೊಂದರೆಯಿಲ್ಲ.

ಬೇಸಿಗೆಯಲ್ಲಿ ಫ್ರಿಜ್ಜಿನಲ್ಲಿ ಇಡದೆ ವಿಧಿಯಿಲ್ಲ. ಗಾಳಿಯಾಡದ ಡಬ್ಬಿಯಲ್ಲಿ ಹಾಕಿಡಿ. ಹೊರಗೆ ತೆಗೆದ ಮೇಲೆ ಡಬ್ಬಿಯ ಮುಚ್ಚಳವನ್ನು ತಕ್ಷಣ ತೆರೆಯಬೇಡಿ, ಮುಕ್ಕಾಲು ಗಂಟೆ ಹಾಗೇ ಬಿಡಿ. ತಣ್ಣಗಿರುವಾಗಲೇ ತೆರೆದರೆ ಚಾಕೊಲೇಟಿನ ಮೈಮೇಲೆ ನೀರ ಹನಿ ಕೂರುತ್ತದೆ. ಮುಂದೆ ಅದು ಗಂಟು ಕಟ್ಟುವುದಕ್ಕೆ ಅದೇ ಮೂಲ.

ಹೆಚ್ಚುವ ಮಣೆಯ ವಿಷಯವೂ ಇದೆ. ನಮ್ಮ ಕಡೆ ಈರುಳ್ಳಿ ಹೆಚ್ಚದ ಮಣೆ ಯಾವ ಮನೆಯಲ್ಲಿದೆ? ಚಾಕೊಲೇಟಿನ ಕೊಬ್ಬು ವಾಸನೆಯನ್ನು ಬೇಗ ಹೀರಿಕೊಳ್ಳುತ್ತದೆ, ಈರುಳ್ಳಿ ಬೆಳ್ಳುಳ್ಳಿ ಮಣೆಯ ಮೇಲೆ ಹೆಚ್ಚಿದರೆ ಕೇಕಿನ ತನಕ ಆ ಘಾಟು ಬರುತ್ತದೆ. ಒಣಗಿದ ಸ್ಟೀಲ್ ತಟ್ಟೆಯ ಮೇಲೆ ಬಟರ್ ಪೇಪರ್ ಹಾಕಿ, ಹಲ್ಲಿರುವ ಬ್ರೆಡ್ ಚಾಕುವಿನಿಂದ ಮೂಲೆಯಿಂದ ಶುರು ಮಾಡಿ ಹೆಚ್ಚಿ. ಚೂರುಗಳು ಕಡಲೆಕಾಳಿನಷ್ಟಿರಲಿ, ಎಲ್ಲವೂ ಹೆಚ್ಚುಕಡಿಮೆ ಒಂದೇ ಗಾತ್ರ ಇರಲಿ. ದೊಡ್ಡ ತುಂಡು ಕರಗಲು ಕಾಯುತ್ತ ಕೂತರೆ ಚಿಕ್ಕವು ಅಷ್ಟರಲ್ಲಿ ಅತಿಯಾಗಿ ಕಾಯುತ್ತವೆ.

ಕರಗಿಸುವ ಕೆಲಸ

ಇದಕ್ಕೆ ಬೇಕಾದದ್ದು ಒಂದು ಪಾತ್ರೆ, ಅದರ ಬಾಯಿಗಿಂತ ಅಗಲವಾದ ಒಂದು ಸ್ಟೀಲ್ ಬೋಸಿ, ಒಂದು ಒಣ ಚಮಚ. ಬೋಸಿ ಪಾತ್ರೆಯ ಬಾಯಿಯನ್ನು ಪೂರ್ತಿ ಮುಚ್ಚಿ ಕೂರಬೇಕು. ಸಂದಿ ಉಳಿದರೆ ಅಲ್ಲಿಂದ ಹಬೆ ಎದ್ದು ಚಾಕೊಲೇಟಿಗೆ ಬೀಳುತ್ತದೆ. ಮರದ ಸೌಟು ಬೇಡ, ಒಣಗಿದಂತೆ ಕಂಡರೂ ಒಳಗೆ ತೇವ ಹಿಡಿದಿರುತ್ತದೆ. ಸಿಲಿಕೋನ್ ಸ್ಪ್ಯಾಚುಲಾ ಇದ್ದರೆ ಅತ್ಯುತ್ತಮ, ಇಲ್ಲದಿದ್ದರೆ ಸ್ಟೀಲ್ ಚಮಚವೇ ಸರಿ. ತೊಳೆದಿಟ್ಟ ಪಾತ್ರೆ ಎಂದು ನಂಬಬೇಡಿ. ಬೋಸಿಯನ್ನೂ ಚಮಚವನ್ನೂ ಒಣಬಟ್ಟೆಯಲ್ಲಿ ಇನ್ನೊಮ್ಮೆ ಒರೆಸಿಕೊಳ್ಳಿ.

ಪಾತ್ರೆಗೆ ಎರಡು ಬೆರಳೆತ್ತರ ನೀರು ಹಾಕಿ ಕುದಿಸಿ. ಬೋಸಿ ಇಟ್ಟಾಗ ಅದರ ತಳ ನೀರಿಗೆ ತಾಗಕೂಡದು. ನೀರು ಕುದಿ ಬಂದ ಕೂಡಲೇ ಒಲೆ ಆರಿಸಿ, ಒಂದು ನಿಮಿಷ ಬಿಟ್ಟು ಹಬೆಯ ರಭಸ ಇಳಿದ ಮೇಲೆ ಬೋಸಿ ಕೂರಿಸಿ, ಹೆಚ್ಚಿದ 200 ಗ್ರಾಂ ಚಾಕೊಲೇಟ್ ಹಾಕಿ. ಎರಡು ನಿಮಿಷ ಮುಟ್ಟಬೇಡಿ. ಅಂಚಿನ ಚೂರುಗಳು ಮಿರುಗತೊಡಗಿ, ಮೊನೆಗಳು ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಳ್ಳುವುದು ಕಾಣುತ್ತದೆ. ಆಗ ತಳದಿಂದ ಮೇಲಕ್ಕೆ ನಿಧಾನವಾಗಿ ಮಗುಚಿ. ಕದಡಿದಂತೆಲ್ಲ ಅದು ಮೊದಲು ಕೆಸರಿನಂತೆ ಒರಟಾಗಿ, ಆಮೇಲೆ ಒಮ್ಮೆಗೇ ನುಣುಪಾಗಿ ಚಮಚದಿಂದ ಎಳೆಯಾಗಿ ಇಳಿಯುತ್ತದೆ.

ಮುಕ್ಕಾಲು ಪಾಲು ಕರಗಿದಾಗಲೇ ಬೋಸಿಯನ್ನು ಇಳಿಸಿಬಿಡಿ. ಉಳಿದ ಚೂರುಗಳು ಅದರದೇ ಬಿಸಿಗೆ ಕರಗುತ್ತವೆ. ಇಳಿಸಿದ ಕ್ಷಣ ಬೋಸಿಯ ಹೊರತಳವನ್ನು ಬಟ್ಟೆಯಿಂದ ಒರೆಸಲೇಬೇಕು. ಮುಂದೆ ಹಿಟ್ಟಿಗೆ ಬಗ್ಗಿಸುವಾಗ ಆ ನೀರು ಅಂಚಿನುದ್ದಕ್ಕೂ ಹರಿದು ಒಳಗೆ ಬೀಳುತ್ತದೆ. ಎಲ್ಲವನ್ನೂ ಸರಿಯಾಗಿ ಮಾಡಿದವರ ಚಾಕೊಲೇಟೂ ಹಲವು ಸಲ ಕೆಡುವುದು ಈ ಕೊನೆಯ ಗಳಿಗೆಯಲ್ಲಿ. ಚಳಿಗಾಲದಲ್ಲಿ ನೀರು ಬೇಗ ಆರಿದರೆ ಬೋಸಿ ಇಳಿಸಿ, ನೀರನ್ನು ಇನ್ನೊಮ್ಮೆ ಕಾಯಿಸಿ, ಒಲೆ ಆರಿಸಿ, ಮತ್ತೆ ಕೂರಿಸಿ.

ಡಾರ್ಕ್ ಚಾಕೊಲೇಟ್ 50 ಡಿಗ್ರಿ ದಾಟದಿರಲಿ, ಹಾಲಿನದು ಮತ್ತು ಬಿಳಿಯದು 45 ದಾಟದಿರಲಿ. ಬಿಳಿಯದರಲ್ಲಿ ಹಾಲಿನಂಶ ಹೆಚ್ಚಿರುವುದರಿಂದ ಬೇಗ ಸೀಯುತ್ತದೆ. ಥರ್ಮಾಮೀಟರ್ ಇಲ್ಲದವರು ಬೋಸಿಯ ತಳಕ್ಕೆ ಅಂಗೈ ಇಟ್ಟು ನೋಡಿ, ಬೆಚ್ಚಗೆ ಅನ್ನಿಸಬೇಕು. ಕೈ ಸುಡುವಂತಿದ್ದರೆ ಮಿತಿ ಮೀರಿದೆ ಎಂದರ್ಥ.

ಇಡ್ಲಿ ಪಾತ್ರೆಯೊಳಗೆ ಬಟ್ಟಲಿಟ್ಟು ಮುಚ್ಚಳ ಹಾಕಿ ಕರಗಿಸುವ, ಕುಕ್ಕರಿನಲ್ಲಿ ಒಂದು ವಿಷಲ್ ಕೂಗಿಸುವ ಪದ್ಧತಿ ಕೆಲವರಲ್ಲಿದೆ. ದಯವಿಟ್ಟು ಬಿಡಿ. ಮುಚ್ಚಳಕ್ಕೆ ಏರಿದ ಹಬೆ ನೀರಾಗಿ ನೇರ ಚಾಕೊಲೇಟಿಗೇ ತೊಟ್ಟಿಕ್ಕುತ್ತದೆ. ಕರಗುತ್ತಿರುವ ಚಾಕೊಲೇಟಿನ ಮೇಲೆ ಯಾವ ಮುಚ್ಚಳವೂ ಬೇಡ.

ಮೈಕ್ರೊವೇವ್ ಇದ್ದವರಿಗೆ ಕೆಲಸ ಇನ್ನೂ ಹಗುರ. ಶಕ್ತಿಯನ್ನು ಅರ್ಧಕ್ಕೆ ಇಳಿಸಿ, 30 ಸೆಕೆಂಡ್ ಇಟ್ಟು ತೆಗೆದು ಕದಡಿ, ಮತ್ತೆ 30 ಸೆಕೆಂಡ್. ಬಿಳಿಯದಕ್ಕೆ 15 ಸೆಕೆಂಡ್ ಸಾಕು. ಮೈಕ್ರೊವೇವಿನಲ್ಲಿ ಚೂರುಗಳು ಒಳಗೆ ಕರಗಿದ್ದರೂ ಹೊರಗೆ ಆಕಾರ ಬಿಡುವುದಿಲ್ಲ. ನೋಡಿ ಇನ್ನೂ ಕರಗಿಲ್ಲವೆಂದು ಮತ್ತೆ ಇಟ್ಟರೆ ನಡುಭಾಗ ಸೀದಿರುತ್ತದೆ. ಚಮಚ ಆಡಿಸಿದರೇ ಗೊತ್ತಾಗುವುದು. ಗಾಜಿನ ಬಟ್ಟಲು ಹೊರಬಂದ ಮೇಲೂ ಬಿಸಿ ಹಿಡಿದುಕೊಂಡಿರುತ್ತದೆ, ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಗಂಟು ಕಟ್ಟಿದರೆ

ಚಾಕೊಲೇಟಿನಲ್ಲಿ ಸಕ್ಕರೆ ಮತ್ತು ಕೋಕೋ ಪುಡಿಯ ಕಣಗಳು ಕೊಬ್ಬಿನಲ್ಲಿ ತೇಲುತ್ತಿರುತ್ತವೆ. ನಾಲ್ಕು ಹನಿ ನೀರು ಬಿದ್ದರೆ ಆ ಕಣಗಳು ತೇವವಾಗಿ ಒಂದಕ್ಕೊಂದು ಅಂಟಿಕೊಂಡು ಇಡೀ ಬೋಸಿ ಮುದ್ದೆಯಾಗುತ್ತದೆ. ಇದಕ್ಕೆ ಪರಿಹಾರ ಇನ್ನಷ್ಟು ನೀರು! ಕೇಳಲು ವಿಚಿತ್ರ, ಆದರೆ ನಿಜ. ಸಕ್ಕರೆಯೆಲ್ಲ ಕರಗುವಷ್ಟು ನೀರು ಸಿಕ್ಕರೆ ಅಂಟು ಬಿಡುತ್ತದೆ. 100 ಗ್ರಾಂ ಚಾಕೊಲೇಟಿಗೆ ಕನಿಷ್ಠ 2 ಟೇಬಲ್ ಸ್ಪೂನ್ ಬಿಸಿ ಹಾಲನ್ನೋ ನೀರನ್ನೋ ಸ್ವಲ್ಪ ಸ್ವಲ್ಪವೇ ಹಾಕಿ ಬಲವಾಗಿ ಕದಡಿ. ಕೋಕೋ ಅಂಶ ಜಾಸ್ತಿಯಿರುವ ಡಾರ್ಕಿಗೆ ಇನ್ನೂ ಒಂದು ಚಮಚ ಹಿಡಿಸುತ್ತದೆ. ಹೀಗೆ ಸರಿಪಡಿಸಿದ್ದು ಬಿಸ್ಕತ್ತು ಅದ್ದಲು ಬಾರದು, ಗಟ್ಟಿಯಾಗಿ ಕೂರುವುದಿಲ್ಲ. ಕೇಕಿನ ಹಿಟ್ಟಿಗೆ ಹಾಕಲು, ಐಸ್‌ಕ್ರೀಂ ಮೇಲೆ ಸುರಿಯಲು ಚೆನ್ನಾಗಿರುತ್ತದೆ. ಸೀದು ವಾಸನೆ ಬಂದದ್ದನ್ನು ಮಾತ್ರ ಏನು ಮಾಡಿದರೂ ಉಳಿಸಲಾಗದು.

ಬೆಣ್ಣೆ, ಮೊಸರು, ಕೊಬ್ಬರಿ ಎಣ್ಣೆ

ಚಾಕೊಲೇಟಿನ ಜೊತೆ ಬೆಣ್ಣೆಯೂ ಬೇಕಾದ ಕೇಕಿಗೆ ಎರಡನ್ನೂ ಮೊದಲಿಂದಲೇ ಒಟ್ಟಿಗೆ ಕರಗಿಸಿ. ಅಂಗಡಿಯ ಬೆಣ್ಣೆಯಲ್ಲೂ ಸ್ವಲ್ಪ ನೀರಿರುತ್ತದೆ, ಕೊಬ್ಬು ಹೆಚ್ಚಿರುವುದರಿಂದ ತೊಂದರೆಯಾಗದು. ಮನೆಯಲ್ಲಿ ಕಡೆದ ಬೆಣ್ಣೆಯೊಳಗೆ ಮಜ್ಜಿಗೆಯ ನೀರು ಅದಕ್ಕಿಂತ ಹೆಚ್ಚು ಉಳಿದಿರುತ್ತದೆ. ತಣ್ಣೀರಿನಲ್ಲಿ ತೊಳೆದು, ಚೆನ್ನಾಗಿ ಒತ್ತಿ ನೀರು ಹಿಂಡಿ, ಆಮೇಲೆ ಬಳಸಿ. ಅಷ್ಟು ಶ್ರಮ ಬೇಡವೆನ್ನುವವರು ಹದವಾಗಿ ಕಾಸಿದ ತುಪ್ಪ ಹಾಕಬಹುದು, ಅದರಲ್ಲಿ ನೀರಿಲ್ಲ. ತುಪ್ಪದ ಪರಿಮಳ ಚಾಕೊಲೇಟಿನ ಮೇಲೇರುವುದರಿಂದ ಅರ್ಧಕ್ಕರ್ಧ ಬೆಣ್ಣೆಯಿದ್ದರೆ ವಾಸಿ.

ಮೊಟ್ಟೆ ಮುಟ್ಟದ ಮನೆಗಳಲ್ಲಿ ಮೊಸರು ಹಾಕಿ ಕೇಕ್ ಮಾಡುತ್ತಾರೆ. ಫ್ರಿಜ್ಜಿನಿಂದ ತೆಗೆದ ಮೊಸರಿಗೆ ಕರಗಿದ ಚಾಕೊಲೇಟ್ ಸುರಿದರೆ ಕೊಬ್ಬು ತಕ್ಷಣ ಹೆಪ್ಪುಗಟ್ಟಿ ರವೆಯಂತೆ ಚೂರುಚೂರಾಗುತ್ತದೆ. ಮೊಸರು, ಹಾಲು ಎಲ್ಲವನ್ನೂ ಒಂದು ಗಂಟೆ ಮುಂಚೆಯೇ ಹೊರಗಿಡಿ. ಮೊಟ್ಟೆ ಹಾಕುವವರಿಗೆ ಇದಕ್ಕೆ ತಿರುಗುಮುರುಗು ಎಚ್ಚರ ಬೇಕು. ಚಾಕೊಲೇಟ್ ಬಿಸಿಯಾಗಿದ್ದರೆ ಮೊಟ್ಟೆ ಅಲ್ಲೇ ಬೆಂದುಬಿಡುತ್ತದೆ, ಉಗುರುಬೆಚ್ಚಗಾಗುವ ತನಕ ತಾಳಿ.

ಅದ್ದುವುದಕ್ಕೆ ದಪ್ಪವಾಯಿತೆಂದು ನೀರನ್ನಾಗಲಿ ಹಾಲನ್ನಾಗಲಿ ಸೇರಿಸುವಂತಿಲ್ಲ. ಮನೆಯಲ್ಲೇ ಇರುವ ಕೊಬ್ಬರಿ ಎಣ್ಣೆ 100 ಗ್ರಾಂಗೆ ಒಂದು ಟೀ ಚಮಚ ಸಾಕು. ಗಾಣದ ಎಣ್ಣೆಯಾದರೆ ಕೊಬ್ಬರಿಯ ಪರಿಮಳ ಉಳಿಯುತ್ತದೆ, ಕೊಬ್ಬರಿ ಮಿಠಾಯಿ ಅದ್ದುವಾಗ ಅದು ಬಹಳ ಸೊಗಸು. ಆದರೆ ಕೊಬ್ಬರಿ ಎಣ್ಣೆ 24 ಡಿಗ್ರಿ ಆಸುಪಾಸಿನಲ್ಲೇ ಕರಗುವುದರಿಂದ ಬೇಸಿಗೆಯಲ್ಲಿ ಇದನ್ನು ಹೆಚ್ಚು ಹಾಕಿದರೆ ಮೇಲಿನ ಪದರ ಬೆರಳಿಗೆ ಅಂಟುತ್ತದೆ.

ಕೇಕಿನ ಮೇಲೆ ಸುರಿಯುವ ಗನಾಶ್‌ಗೆ ಡಬ್ಬಿಯ ಫ್ರೆಶ್ ಕ್ರೀಂ ತನ್ನಿ. ಹಾಲಿನ ಮೇಲಿಂದ ತೆಗೆದ ಮನೆಯ ಕೆನೆ ಕಾಯಿಸಿದಾಗ ಕೊಬ್ಬು ಬೇರ್ಪಟ್ಟು ತರಿತರಿಯಾಗುತ್ತದೆ. ಕ್ರೀಂ ಅಂಚಿನಲ್ಲಿ ಗುಳ್ಳೆ ಏಳುವಷ್ಟು ಬಿಸಿಯಾದರೆ ಸಾಕು, ಕುದಿಸಬೇಡಿ. ಹೆಚ್ಚಿದ ಚಾಕೊಲೇಟಿನ ಮೇಲೆ ಅದನ್ನು ಸುರಿದು, ಎರಡು ನಿಮಿಷ ಬಿಟ್ಟು, ನಡುವಿನಿಂದ ಹೊರಕ್ಕೆ ಕದಡಿ. ಚಳಿಗಾಲದಲ್ಲಿ ಎರಡೂ ಸಮಸಮ ಹಾಕಬಹುದು. ಬೇಸಿಗೆಯಲ್ಲಿ 200 ಗ್ರಾಂ ಚಾಕೊಲೇಟಿಗೆ 100 ಗ್ರಾಂ ಕ್ರೀಂ ಮೀರಬಾರದು, ಮೀರಿದರೆ ಕೇಕ್ ಕತ್ತರಿಸುವ ಹೊತ್ತಿಗೆ ಎಲ್ಲ ತಟ್ಟೆಗೆ ಇಳಿದಿರುತ್ತದೆ.

ಹೊಳೆಯುವ ಪದರ ಬೇಕೆಂದರೆ

ಕೇಕಿನೊಳಗೆ ಹಾಕುವ ಚಾಕೊಲೇಟನ್ನು ಕರಗಿಸಿದರೆ ಮುಗಿಯಿತು. ನಿಜವಾದ ಚಾಕೊಲೇಟಿನಲ್ಲಿ ಅಚ್ಚು ಹಾಕಬೇಕು, ಮುರಿದರೆ ಟಕ್ಕೆನ್ನಬೇಕು ಅನ್ನುವವರು ಮಾತ್ರ ಅದನ್ನು ಹದಗೊಳಿಸಬೇಕು. 300 ಗ್ರಾಂನಲ್ಲಿ 200 ಗ್ರಾಂ ಕರಗಿಸಿ 45ರಿಂದ 50 ಡಿಗ್ರಿಗೆ ತನ್ನಿ. ಒಲೆಯಿಂದ ದೂರ ಇಟ್ಟು, ಉಳಿದ 100 ಗ್ರಾಂ ಚೂರುಗಳನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸುತ್ತ ಕದಡುತ್ತಿರಿ. ಹೊಸ ಚೂರುಗಳಲ್ಲಿರುವ ಹರಳುಗಳು ಕರಗಿದ ಕೊಬ್ಬಿಗೆ ಸರಿಯಾದ ಜೋಡಣೆಯನ್ನು ಕಲಿಸುತ್ತವೆ. ಡಾರ್ಕ್ 31-32 ಡಿಗ್ರಿಗೆ, ಹಾಲಿನದು 29-30ಕ್ಕೆ ಇಳಿದಾಗ ಹದ ಬಂದಿರುತ್ತದೆ. ತುಟಿಯ ಕೆಳಗೆ ಒಂದು ಹನಿ ಹಚ್ಚಿದರೆ ಕೊಂಚ ತಂಪೆನಿಸಬೇಕು. ಚಾಕುವಿನ ತುದಿಗೆ ಬಳಿದದ್ದು ಐದು ನಿಮಿಷದೊಳಗೆ ಹೊಳಪಾಗಿ ಗಟ್ಟಿಯಾದರೆ ಕೆಲಸ ಸರಿಯಾಗಿದೆ.

ಹೊರಗಿನ ಬಿಸಿಲು 35 ದಾಟಿದ ಮಧ್ಯಾಹ್ನ, ಶೀಟಿನ ಅಡುಗೆಮನೆಯಲ್ಲಿ ಇದು ಆಗದ ಮಾತು. ಕೋಣೆಯೇ ಚಾಕೊಲೇಟಿನ ಹದಕ್ಕಿಂತ ಬಿಸಿಯಾಗಿರುತ್ತದೆ. ಬೆಳಗಿನ ಜಾವವೇ ಮುಗಿಸಿ, ಇಲ್ಲವೇ ನವೆಂಬರಿನಿಂದ ಜನವರಿಯ ತನಕ ಇಟ್ಟುಕೊಳ್ಳಿ. ಬೇಸಿಗೆಯ ಹುಟ್ಟುಹಬ್ಬಗಳಿಗೆ ಕಾಂಪೌಂಡೇ ಇರಲಿ.

ಕರಗಿಸಿ ಮಿಕ್ಕದ್ದನ್ನು ಬಟರ್ ಪೇಪರಿನ ಮೇಲೆ ತೆಳ್ಳಗೆ ಹರಡಿ, ಗಟ್ಟಿಯಾದ ಮೇಲೆ ಮುರಿದು ಒಣ ಡಬ್ಬಿಗೆ ಹಾಕಿ. ಇರುವೆ ಬೇಗ ಮುತ್ತುತ್ತದೆ, ಮುಚ್ಚಳ ಬಿಗಿಯಾಗಿರಲಿ. ನೀರು, ಹಾಲು, ಕ್ರೀಂ ಬೀಳದ ಚಾಕೊಲೇಟನ್ನು ಇದೇ ಬಿಸಿನೀರಿನ ಕ್ರಮದಲ್ಲಿ ಮತ್ತೊಮ್ಮೆ ಕರಗಿಸಿ ಬಳಸಬಹುದು. ಕ್ರೀಂ ಸೇರಿದ್ದನ್ನು ಫ್ರಿಜ್ಜಿನಲ್ಲಿಟ್ಟು ನಾಲ್ಕೈದು ದಿನದೊಳಗೆ ಮುಗಿಸಿ.