ಸುಬಾಬುಲ್ ಕುಡಿಗೆ ಸಿಲ್ಲಿಡ್: ಪಂಪು ಹೆಗಲಿಗೇರಿಸುವ ಮೊದಲು

ಚಳಿ ಬೀಳುತ್ತಿದ್ದಂತೆ ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಭಾಗದ ಬದುಗಳಲ್ಲಿ ಸುಬಾಬುಲ್ ಕುಡಿ ಮುರುಟಿ ಹಳದಿಯಾದರೆ ಮೊದಲು ಸಿಲ್ಲಿಡ್ ಹುಳುವನ್ನು ಹುಡುಕಿ. ಇನ್ನೂ ಬಿಚ್ಚಿಕೊಳ್ಳದ ಎಲೆಯ ಮಡಿಕೆಯನ್ನು ಉಗುರಿನಿಂದ ಬಿಡಿಸಿದರೆ ಹಳದಿ ಮೊಟ್ಟೆ, ಚಪ್ಪಟೆ ಮರಿಗಳು ಒತ್ತೊತ್ತಾಗಿ ಕಾಣುತ್ತವೆ. ರೆಂಬೆ ಅಲುಗಿಸಿದರೆ ಎರಡು ಮಿಲಿಮೀಟರಿನಷ್ಟಿರುವ ಬೆಳೆದ ಹುಳುಗಳು ಚಂಗನೆ ಹಾರುತ್ತವೆ. ಇದು ಹತ್ತಿಯ ಜಿಗಿಹುಳುವಲ್ಲ. ಹತ್ತಿಗೆ ಇದರಿಂದ ಭಯವಿಲ್ಲ. ಕೆಳಗಿನ ಎಲೆಗಳು ಅಂಟಂಟಾಗಿ ಕಪ್ಪು ಬೂಷ್ಟು ಹಿಡಿದಿದ್ದರೆ, ರಸ ಹೀರಿದ ಹುಳು ಹೊರಹಾಕುವ ಸಿಹಿ ದ್ರವವೇ ಅದಕ್ಕೆ ಕಾರಣ.

ಹತ್ತಿಗೆ ತಂದ ಔಷಧಿಯಲ್ಲೇ ಉಳಿದದ್ದನ್ನು ಇದಕ್ಕೂ ಹೊಡೆದರಾಯಿತು ಎಂಬ ಯೋಚನೆ ಬೇಡವೇ ಬೇಡ. ಸುಬಾಬುಲ್ ಮೇವಿನ ಮರ; ಅದಕ್ಕೆ ಹೊಡೆದ ವಿಷ ದನದ ಹೊಟ್ಟೆ ಸೇರುತ್ತದೆ. ಹೊಡೆದರೆ ಹುಳು ಬೇಗ ಸಾಯುತ್ತದಲ್ಲ ಎನ್ನಬಹುದು. ಸಾಯುತ್ತದೆ ನಿಜ. ಆದರೆ ಎರಡು ವಾರದ ಆಸುಪಾಸಿನಲ್ಲಿ ಒಂದು ತಲೆಮಾರು ಮುಗಿಸುವ ಹುಳು ಪಕ್ಕದ ಬದುವಿನಿಂದ ಮರಳಿ ಬರುವಷ್ಟು ಬೇಗ ಅದನ್ನು ತಿನ್ನುವ ಗುಲಗಂಜಿ ಹುಳು ಬರುವುದಿಲ್ಲ. 1984ರಲ್ಲಿ ಹವಾಯಿಯಲ್ಲಿ ಕಾಣಿಸಿ, ಆಗ್ನೇಯ ಏಷ್ಯಾ ದಾಟಿ, 1988ರಲ್ಲಿ ಭಾರತಕ್ಕೆ ಬಂದ ಈ ಕೀಟಕ್ಕೆ ಕಡಿವಾಣ ಹಾಕಲು ಅದೇ ವರ್ಷ ಥಾಯ್ಲೆಂಡಿನಿಂದ ಕ್ಯೂರಿನಸ್ ಎಂಬ ನೀಲಿಗಪ್ಪು ಗುಲಗಂಜಿ ಹುಳುವನ್ನು ತರಿಸಲಾಯಿತು. ಬೆಂಗಳೂರಿನ ಸುತ್ತ ಅದು ನೆಲೆಯೂರಿತು. ನಮ್ಮದೇ ಗುಲಗಂಜಿ ಹುಳುಗಳು, ಜೇಡಗಳೂ ಸಿಲ್ಲಿಡ್ ತಿನ್ನುತ್ತವೆ. ಇವು ಹೆಚ್ಚಲು ಸಮಯ ಬೇಕು, ಅಷ್ಟರೊಳಗೆ ಕುಡಿ ಹಾಳಾಗುತ್ತದೆ ಎಂಬ ಆಕ್ಷೇಪ ಸರಿಯೇ. ಆದರೆ ಹುಳು ಕಾಡುವುದು ಎಳೆ ಚಿಗುರನ್ನು. ಬಲಿತ ಮರ ಸಾಮಾನ್ಯವಾಗಿ ಸಾಯುವುದಿಲ್ಲ, ಬೇಸಿಗೆಯ ಬಿಸಿಲು ಏರಿದಂತೆ ಹುಳುವೇ ಕುಗ್ಗುತ್ತದೆ.

ಹೀಗಾಗಿ ಕೆಲಸವೆಲ್ಲ ಕೊಯ್ಲಿನ ಲೆಕ್ಕದಲ್ಲಿದೆ. ದೊಡ್ಡ ಕಟಾವನ್ನು ಮಳೆಗಾಲದಲ್ಲೇ ಮುಗಿಸಿ; ಬಿಸಿಲು ಬಿದ್ದಾಗ ಸೊಪ್ಪು ಒಣಗಿಸಿ ಚಳಿಗಾಲಕ್ಕೆ ಇಟ್ಟುಕೊಳ್ಳಿ. ಅದರಲ್ಲಿ ಮಿಮೋಸಿನ್ ಎಂಬ ವಿಷದಂಶ ಇರುವುದರಿಂದ ಒಟ್ಟು ಮೇವಿನ ಮೂರನೇ ಒಂದು ಭಾಗ ಮೀರದಿರಲಿ. ಚಳಿಯಲ್ಲಿ ಎಲ್ಲ ಮರಗಳನ್ನೂ ಒಮ್ಮೆಲೇ ಕಡಿದರೆ ಸಾಲಿಗೆ ಸಾಲೇ ಚಿಗುರಿ ಹುಳುವಿಗೆ ಹಬ್ಬವಾಗುತ್ತದೆ. ಒಂದು ಬಿಟ್ಟು ಒಂದು ಮರ ಕಡಿಯಿರಿ, ಉಳಿದವುಗಳಲ್ಲಿ ಗುಲಗಂಜಿ ಹುಳುಗಳೂ ಬದುಕುತ್ತವೆ. ನರ್ಸರಿಯ ಎಳೆ ಸಸಿಗಳು ಮಾತ್ರ ತಾಳಲಾರವು. ಅವಕ್ಕೆ ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆಯನ್ನು ಸ್ವಲ್ಪ ಸೋಪಿನ ದ್ರಾವಣದೊಂದಿಗೆ ಕಲಸಿ, ಸಂಜೆ ಹೊತ್ತು ಕುಡಿ ನೆನೆಯುವಂತೆ ಸಿಂಪಡಿಸಿ. ಹೊಸದಾಗಿ ನೆಡುವವರು ಬದುವಿಗೆಲ್ಲ ಸುಬಾಬುಲ್ ಒಂದನ್ನೇ ಹಾಕದೆ ನಡುನಡುವೆ ಗ್ಲಿರಿಸಿಡಿಯಾ, ಅಗಸೆ ಮರ ಸೇರಿಸಲಿ. ಚಳಿಗಾಲದಲ್ಲಿ ಸುಬಾಬುಲ್ ಸೊರಗಿದರೂ ಕೊಟ್ಟಿಗೆಗೆ ಹಸಿರು ತಪ್ಪುವುದಿಲ್ಲ.